ತುಮಕೂರಿಂದ ಶ್ರೀರಂಗಪಟ್ಟಣ: ಬೆಳಗ್ಗೆ ಹೋಗಿ ರಾತ್ರಿ ಊಟಕ್ಕೆ ವಾಪಸ್, ಆರಾಮಾಗಿ ಆಗುತ್ತಾ?

ಶಿರಾಗೇಟ್
ಡಿಸೆಂಬರ್‌ನಲ್ಲಿ ಒಂದು ಶನಿವಾರ ತುಮಕೂರಿಂದ ಶ್ರೀರಂಗಪಟ್ಟಣಕ್ಕೆ ಹೋಗಿಬರೋ ಯೋಚನೆ. ಒಂದು ಕಾರು, ಐದು ಜನ. ಒಬ್ಬರಿಗೆ ಎಪ್ಪತ್ತೆರಡು ವರ್ಷ, ಮೊಣಕಾಲು ನೋವು. ಒಂದು ಮಗು, ಏಳು ವರ್ಷ. ರಾತ್ರಿ ಉಳಿಯಲ್ಲ. ಪಟ್ಟಿ ಹಿಡ್ಕೊಂಡು ಓಡಾಡೋ ಆಸೆ ಇಲ್ಲ, ಹೊಳೆ ದಡದಲ್ಲಿ ನಾಲ್ಕು ಗಳಿಗೆ ಕೂತು ಬರಬೇಕು ಅಷ್ಟೆ. ಯಾವ ರಸ್ತೆ ಒಳ್ಳೇದು? ಯಾವುದು ಮೊದಲು, ಯಾವುದು ಆಮೇಲೆ? ಮಧ್ಯಾಹ್ನದ ಬಿಸಿಲಲ್ಲಿ ಎಲ್ಲಿರೋದು? ತಿಳಿದವರು ಹೇಳಿ.

ಕುಣಿಗಲ್ ರಸ್ತೆ
ಎರಡು ದಾರಿ ಇದೆ, ದೂರ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, 130 ಕಿ.ಮೀ. ಆಸುಪಾಸು. ಗೂಳೂರು, ಹೆಬ್ಬೂರು ದಾಟಿ ಕುಣಿಗಲ್‌ವರೆಗೂ ಎರಡೂ ಒಂದೇ ರಸ್ತೆ. ಅಲ್ಲಿಂದ ಕವಲು.

ಮೊದಲನೇದು: ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್‌ವರೆಗೆ ಮಂಗಳೂರು ಹೆದ್ದಾರಿ. ಕ್ರಾಸ್‌ನಲ್ಲಿ ಎಡಕ್ಕೆ ತಿರುಗಿ ನಾಗಮಂಗಲ, ಪಾಂಡವಪುರ, ಕಿರಂಗೂರು, ಶ್ರೀರಂಗಪಟ್ಟಣ. ಎರಡನೇದು: ಕುಣಿಗಲ್‌ನಿಂದ ಹುಲಿಯೂರುದುರ್ಗ, ಮದ್ದೂರು, ಅಲ್ಲಿಂದ ಬೆಂಗಳೂರು–ಮೈಸೂರು ಹೆದ್ದಾರಿ ಹತ್ತಿ ಮಂಡ್ಯ ದಾಟಿ ಹೋಗೋದು.

ನನ್ನ ಮತ ನಾಗಮಂಗಲದ ದಾರಿಗೆ. ಮದ್ದೂರು ದಾರಿಯಲ್ಲಿ ಹೆದ್ದಾರಿ ಹತ್ತಿದ ಮೇಲೆ ವೇಗ ಸಿಗುತ್ತೆ ನಿಜ, ಆದರೆ ಆ ಹೆದ್ದಾರಿ ಈಗ ಊರುಗಳನ್ನೆಲ್ಲ ಬಳಸಿಕೊಂಡು ಹೋಗುತ್ತೆ. ಗಣಂಗೂರು ಟೋಲ್ ಸುತ್ತಮುತ್ತ ಬೋರ್ಡ್ ನೋಡಿಕೊಂಡು ಸರ್ವಿಸ್ ರಸ್ತೆಗೆ ಇಳಿಯಬೇಕು. ಮೈಮರೆತರೆ ಶ್ರೀರಂಗಪಟ್ಟಣ ಪಕ್ಕಕ್ಕೆ ಉಳಿದು ಮೈಸೂರು ಕಡೆ ಹೋಗಿಬಿಡ್ತೀರ. ಅಲ್ಲದೆ ಹುಲಿಯೂರುದುರ್ಗದ ರಸ್ತೆಯಲ್ಲಿ ಊರೂರಿಗೂ ಉಬ್ಬು. ಮೊಣಕಾಲು ನೋವಿನವರು ಹಿಂದಿನ ಸೀಟಲ್ಲಿದ್ದರೆ ಪ್ರತಿ ಉಬ್ಬಿಗೂ ಶಾಪ.

ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟೋದೇ ಆರೂವರೆ ಮೇಲೆ. ಐದೂಮುಕ್ಕಾಲಿಗೆ ಹೊರಟರೆ ಕುಣಿಗಲ್ ದೊಡ್ಡಕೆರೆ ಹತ್ತಿರ ನಸುಕು. ಕೆರೆ ಪಕ್ಕ ಮಂಜು ಕವಿದಿರುತ್ತೆ. ಹೈ ಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ವಾಪಸ್ ಕಣ್ಣಿಗೇ ಹೊಡೆಯುತ್ತೆ. ಡಿಮ್ ಹಾಕಿ, ಎಡಗಡೆಯ ಬಿಳಿ ಗೆರೆ ಹಿಡಿದು ಹೋಗಿ. ಯಡಿಯೂರಲ್ಲಿ ಕಾಫಿ, ಕಾಲು ಆಡಿಸೋಕೆ ಇಪ್ಪತ್ತು ನಿಮಿಷ. ನಾಗಮಂಗಲದ ಪೇಟೆ ಎಂಟರ ಒಳಗೆ ದಾಟಿಬಿಟ್ಟರೆ ಎಂಟೂಮುಕ್ಕಾಲಿಗೆ ಕಾವೇರಿ.

ಒಂದು ಎಚ್ಚರಿಕೆ. ಪಾಂಡವಪುರದ ಸುತ್ತ ವಿಶ್ವೇಶ್ವರಯ್ಯ ನಾಲೆ ರಸ್ತೆಗೆ ಅಂಟಿಕೊಂಡೇ ಹರಿಯುತ್ತೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಉರುಳಿ 30 ಜನ ಹೋದರು. ಮುಖ್ಯ ರಸ್ತೆ ಬಿಡಬೇಡಿ. ಮ್ಯಾಪು ಎರಡು ನಿಮಿಷ ಉಳಿಸ್ತೀನಿ ಅಂತ ನಾಲೆ ಏರಿ ಮೇಲೆ ಕಳಿಸಿದರೆ ಅದರ ಮಾತು ಕೇಳಬೇಡಿ.

ಗುಬ್ಬಿ ಬೈಕ್
ಬೈಕಿನವರಿಗೂ ಒಂದು ಮಾತು ಸೇರಿಸ್ತೀನಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್‌ಗೆ ಪ್ರವೇಶ ಇಲ್ಲ. ಮದ್ದೂರಲ್ಲಿ ಹತ್ತಿದರೆ ಕ್ಯಾಮೆರಾ ಹಿಡಿಯುತ್ತೆ, ಮನೆಗೆ ಚಲನ್ ಬರುತ್ತೆ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಅಲ್ಲಿ ಎದುರಿಗೂ ಗಾಡಿ ಬರುತ್ತೆ. ಬೈಕಿಗೆ ನಾಗಮಂಗಲ ದಾರಿ ಬಿಟ್ಟು ಬೇರೆ ಯೋಚನೆಯೇ ಬೇಡ.

ತಿಪಟೂರು ಕೊಬ್ಬರಿ
ಹೊಳೆ ದಡದಲ್ಲಿ ಕೂರೋಕೆ 130 ಕಿ.ಮೀ. ಯಾಕ್ರಿ? ಯಡಿಯೂರಿಂದ ಪಕ್ಕಕ್ಕೆ ತಿರುಗಿದರೆ ಮಾರ್ಕೋನಹಳ್ಳಿ ಜಲಾಶಯ. ನಮ್ಮ ದೇವರಾಯನದುರ್ಗದಲ್ಲಿ ಹುಟ್ಟೋ ಶಿಂಷೆಗೇ ಕಟ್ಟಿರೋದು. ಕೆರೆ ತುಂಬಿ ಮಟ್ಟ ಮೀರಿದರೆ ಯಾರೂ ಗೇಟು ಎತ್ತೋದೇ ಬೇಡ, ಸೈಫನ್ ತಾನೇ ಎಳೆದು ನೀರು ಆಚೆ ಬಿಡುತ್ತೆ. ಅಂಥದ್ದು ಮನೆ ಬಾಗಿಲಲ್ಲಿದ್ದರೂ ಪಟ್ಟಣಕ್ಕೆ ಹೋಗ್ತೀರ.

ಕುಣಿಗಲ್ ರಸ್ತೆ
ಮಾರ್ಕೋನಹಳ್ಳಿ ಚೆನ್ನಾಗಿದೆ, ಅರ್ಧ ದಿನಕ್ಕೆ. ಆದರೆ ಅದು ಅಣೆಕಟ್ಟು, ಊರಲ್ಲ. ನೆರಳಿಲ್ಲ, ಊಟ ಸಿಗಲ್ಲ, ಶೌಚಾಲಯ ನಂಬೋ ಹಾಗಿಲ್ಲ. ಎಪ್ಪತ್ತು ದಾಟಿದವರನ್ನ ಕರ್ಕೊಂಡು ಹೋಗೋವಾಗ ಮೊದಲು ನೋಡಬೇಕಾದ್ದೇ ಈ ಮೂರು.

ಹೆಜ್ಜಾರ್ಲೆ
ಮೊದಲು ರಂಗನತಿಟ್ಟು, ಬಾಗಿಲು ತೆಗೆಯೋ ಹೊತ್ತಿಗೇ. ಎಂಟೂವರೆ ಒಂಬತ್ತರ ಸುಮಾರಿಗೆ ಹೋದರೆ ದೋಣಿಗೆ ಸಾಲಿರಲ್ಲ, ಬಿಸಿಲೂ ಏರಿರಲ್ಲ. ಊರಿಂದ ನಾಲ್ಕು ಕಿ.ಮೀ. ಇರಬಹುದು. ಹನ್ನೊಂದರ ಮೇಲೆ ಹೋದರೆ ಹಕ್ಕಿ ಎಲ್ಲೂ ಹೋಗಿರಲ್ಲ, ಆದರೆ ರೆಕ್ಕೆ ಮುದುರಿಕೊಂಡು ನೆರಳಲ್ಲಿ ಕೂತಿರುತ್ತವೆ, ಮಕ್ಕಳಿಗೆ ಬೇಜಾರು.

ಇದು ತಾನಾಗಿ ಆದ ಜಾಗ ಅಲ್ಲ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡ ಒಡ್ಡು ಕಟ್ಟಿದಾಗ ನೀರು ನಿಂತು ಆದ ನಡುಗಡ್ಡೆಗಳು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯ್ತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ದೋಣಿ ಹುಟ್ಟು ಹಾಕೋದು, ಮೋಟಾರ್ ಇಲ್ಲ. ಎಲ್ಲರ ಜೊತೆ ಹೋಗೋ ಸಾಮಾನ್ಯ ದೋಣಿ ಒಂದು, ನಿಮಗೇ ಅಂತ ತಗೊಳ್ಳೋ ಸ್ಪೆಷಲ್ ದೋಣಿ ಒಂದು. ದೊಡ್ಡ ಕ್ಯಾಮೆರಾ ಇಲ್ಲದವರಿಗೆ ಸಾಮಾನ್ಯ ದೋಣಿ ಧಾರಾಳ ಸಾಕು. ಹತ್ತುವಾಗ ಮೆಟ್ಟಿಲಿಂದ ಕಾಲು ಇಳಿಸಬೇಕು, ದೋಣಿ ಅಲುಗುತ್ತೆ. ಮೊಣಕಾಲು ನೋವಿನವರು ಮೊದಲು ಹತ್ತಲಿ, ಇಳಿಯುವಾಗ ಕೊನೆಗೆ ಇಳಿಯಲಿ. ದೋಣಿ ಖಾಲಿ ಇದ್ದಾಗ ಅಂಬಿಗರು ಕೈ ಹಿಡಿದು ಕೂರಿಸ್ತಾರೆ. ಜನ ನುಗ್ಗಿದ ಮೇಲೆ ಅವರಿಗೂ ಕೈ ಸಿಗಲ್ಲ.

ಮಗುವನ್ನ ದೋಣಿಯ ಅಂಚಿಗೆ ಕೂರಿಸಬೇಡಿ, ಕೈ ನೀರಿಗೆ ಬಿಡೋಕೆ ಬಿಡಬೇಡಿ. ಬಂಡೆ ಮೇಲೆ ಬಾಯಿ ತೆರೆದು ಮಲಗಿರೋದು ಬೊಂಬೆ ಅಲ್ಲ, ಮೊಸಳೆ. ಹಾಗೆ ಬಾಯಿ ತೆರೆದಿರೋದು ಸಿಟ್ಟಿಗಲ್ಲ, ಮೈಯ ಕಾವು ಇಳಿಸೋಕೆ.

ಡಿಸೆಂಬರ್‌ನಲ್ಲಿ ವಲಸೆ ಹಕ್ಕಿ ಬಂದಿರುತ್ತವೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು, ಮರಿ ನೋಡಬೇಕು ಅಂದರೆ ಫೆಬ್ರವರಿಯಿಂದ ಏಪ್ರಿಲ್ ಇನ್ನೂ ಚೆನ್ನ. ಬೈನಾಕ್ಯುಲರ್ ಇದ್ದರೆ 8x ತನ್ನಿ. 10x ಆದರೆ ತೇಲೋ ದೋಣಿಯಲ್ಲಿ ಚಿತ್ರ ನಡುಗುತ್ತೆ.

ನೀರಗಂಟಿ
ಹೊರಡೋ ಹಿಂದಿನ ದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕೆಆರ್‌ಎಸ್ ನೀರಿನ ಮಟ್ಟ ನೋಡಿ. ಗರಿಷ್ಠ 124.80 ಅಡಿ. ಆದರೆ ನಿಮಗೆ ಬೇಕಾದ್ದು ಆ ಅಂಕಿ ಅಲ್ಲ, ಪಕ್ಕದಲ್ಲಿರೋ 'ಹೊರಹರಿವು'. ಜಲಾಶಯ ಭರ್ತಿಯಾಗಿ ಹೊರಹರಿವು ಸಾವಿರಗಟ್ಟಲೆ ಕ್ಯುಸೆಕ್ ಏರಿದ ದಿನ ರಂಗನತಿಟ್ಟಿನ ದೋಣಿ ನಿಲ್ಲಿಸ್ತಾರೆ, ನಿಮಿಷಾಂಬ ದೇವಸ್ಥಾನದ ಸ್ನಾನಘಟ್ಟದ ಮೆಟ್ಟಿಲು ಮುಳುಗುತ್ತೆ. ಜುಲೈಯಿಂದ ಅಕ್ಟೋಬರ್‌ವರೆಗೆ ಇದು ಸಾಮಾನ್ಯ. ಶ್ರೀರಂಗಪಟ್ಟಣದಲ್ಲಿ ಆಕಾಶ ಶುಭ್ರ ಇದ್ದರೂ ಕೊಡಗಲ್ಲಿ ಮಳೆ ಹೊಡೆದಿದ್ದರೆ ಇಲ್ಲಿ ನೀರು ಏರುತ್ತೆ. ಮೋಡ ನೋಡಿ ಲೆಕ್ಕ ಹಾಕೋರು ಅಲ್ಲೇ ಎಡವೋದು. ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ತೊಂದರೆ ಇರಲ್ಲ.

ಶಿರಾಗೇಟ್
ಹಾಗಾದರೆ ಹಕ್ಕಿ ಮೊದಲು. ಆದರೆ ರಂಗನಾಥಸ್ವಾಮಿ ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕ್ತಾರಂತಲ್ಲ? ಅದನ್ನೇ ಮೊದಲು ಮುಗಿಸಿಬಿಡೋದು ವಾಸಿ ಅಲ್ವಾ?

ಅಮಾನಿಕೆರೆ
ಒಂದೂವರೆ ಹೊತ್ತಿಗೆ ಹಾಕ್ತಾರೆ, ಮತ್ತೆ ತೆಗೆಯೋದು ನಾಲ್ಕಕ್ಕೆ. ಹತ್ತೂಕಾಲಿಗೆ ರಂಗನತಿಟ್ಟು ಬಿಟ್ಟರೆ ಹತ್ತೂಮುಕ್ಕಾಲಿಗೆ ಗುಡಿ ಮುಂದೆ ಇರ್ತೀರ, ಬೇಕಾದಷ್ಟು ಹೊತ್ತಿದೆ. ತಲೆನೋವು ಹೊತ್ತಿಂದಲ್ಲ, ನೀವು ಆರಿಸಿರೋ ವಾರದಿಂದ. ಶನಿವಾರ ವಿಷ್ಣು ದೇವಸ್ಥಾನಕ್ಕೆ ಜನ ಹೆಚ್ಚು. ಅದರ ಮೇಲೆ ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಬಸ್ಸುಗಳು, ಅಯ್ಯಪ್ಪ ಮಾಲೆಯವರು. ತಿಂಗಳ ನಡುವಿಂದ ಧನುರ್ಮಾಸ, ಆಗ ಪೂಜೆಯ ವೇಳೆಯೂ ಬದಲು. ವೈಕುಂಠ ಏಕಾದಶಿ ದಿನ ಅಂತೂ ಹತ್ತಿರ ಸುಳಿಯಬೇಡಿ. ರಜೆ ಹಾಕೋಕೆ ಆದರೆ ಡಿಸೆಂಬರ್ ಮೊದಲ ವಾರದ ಬುಧವಾರವೋ ಗುರುವಾರವೋ ಹೋಗಿ. ಅದೇ ಊರು ಬೇರೆ ಥರ ಕಾಣುತ್ತೆ. ಭೀಮನ ಅಮಾವಾಸ್ಯೆ ನಿಮಿಷಾಂಬಕ್ಕೆ, ಮಹಾಲಯ ಅಮಾವಾಸ್ಯೆ ಸಂಗಮ, ಪಶ್ಚಿಮವಾಹಿನಿ, ಸ್ನಾನಘಟ್ಟಕ್ಕೆ ಜನಜಾತ್ರೆ. ಅದು ಮುಂದೆ ಹೋಗೋರ ಗಮನಕ್ಕೆ.

ಗುಡಿಯೊಳಗೆ ಹಿರಿಯರನ್ನ ಕರ್ಕೊಂಡು ಹೋಗುವಾಗ: ಚಪ್ಪಲಿ ಕಾರಲ್ಲೇ ಬಿಡಬೇಡಿ, ಗೋಪುರದ ಹತ್ತಿರದ ಚಪ್ಪಲಿ ಸ್ಟ್ಯಾಂಡ್‌ವರೆಗೂ ಹಾಕ್ಕೊಂಡು ಹೋಗಿ. ಹನ್ನೊಂದೂವರೆ ಮೇಲೆ ಕಲ್ಲು ಹಾಸು ಕಾದಿರುತ್ತೆ, ದಪ್ಪ ಹತ್ತಿ ಕಾಲುಚೀಲ ಒಂದು ಜೊತೆ ಬ್ಯಾಗಲ್ಲಿರಲಿ. ಹೊಸ್ತಿಲುಗಳು ಎತ್ತರ. ಊರುಗೋಲಿಗಿಂತ ಒಂದು ಕೈ ಆಸರೆ ಒಳ್ಳೇದು, ಗೋಲಿನ ರಬ್ಬರು ಸವೆದಿದ್ದರೆ ನುಣುಪು ಕಲ್ಲಿನ ಮೇಲೆ ಜಾರುತ್ತೆ.

ಸಾಲಲ್ಲಿ ನಿಂತಾಗ ಸುಮ್ಮನೆ ಮುಂದಿನವರ ಬೆನ್ನು ನೋಡೋ ಬದಲು ಒಳಗಿನ ಎರಡು ದೊಡ್ಡ ಕಂಬ ನೋಡಿ. ವಿಷ್ಣುವಿನ 24 ರೂಪ ಕೆತ್ತಿದ್ದಾರೆ, ಚತುರ್ವಿಂಶತಿ ಕಂಬ ಅಂತಾರೆ. ಮಗುವಿಗೆ ಎಣಿಸೋಕೆ ಹೇಳಿದರೆ ಸಾಲು ಸಾಗಿದ್ದೇ ಗೊತ್ತಾಗಲ್ಲ. ಗರ್ಭಗುಡಿಯಲ್ಲಿ ಏಳು ಹೆಡೆಯ ಆದಿಶೇಷನ ಮೇಲೆ ಮಲಗಿದ ರಂಗನಾಥ, ಪಾದದ ಹತ್ತಿರ ಕೂತಿರೋದು ಕಾವೇರಿ. ಇದು ಆದಿರಂಗ, ಮಧ್ಯರಂಗ ಶಿವನಸಮುದ್ರ, ಅಂತ್ಯರಂಗ ತಮಿಳುನಾಡಿನ ಶ್ರೀರಂಗ.

ಕೋಟೆಬಾಗಿಲು
ಮಧ್ಯಾಹ್ನದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಊಟ ಆದ ಮೇಲೆ ಎರಡರಿಂದ ಮೂರೂವರೆವರೆಗೆ ದರಿಯಾ ದೌಲತ್. ಗೇಟಿಂದ ಅರಮನೆವರೆಗೆ ನೆಲ ಸಮ, ಎರಡೂ ಕಡೆ ಮರ, ಹುಲ್ಲುಹಾಸು. ನಡೆಯೋಕೆ ಆಗದವರು ಮರದ ಕೆಳಗೆ ಕೂರಬಹುದು. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ದೊಡ್ಡವರಿಗೆ ಮೊಬೈಲಲ್ಲಿ ಸ್ಕ್ಯಾನ್ ಮಾಡಿ ತಗೊಂಡರೆ ನಗದಿಗಿಂತ 5 ರೂಪಾಯಿ ಕಡಿಮೆ. ಸಾಲು ತಪ್ಪೋದೇ ದೊಡ್ಡ ಲಾಭ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ.

1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ಹೆಚ್ಚಿನದ್ದೆಲ್ಲ ತೇಗ. ಬಿಸಿಲು ಬಣ್ಣ ತಿನ್ನದಿರಲಿ ಅಂತ ಸುತ್ತ ಹಸಿರು ಪರದೆ ಇಳಿಬಿಟ್ಟಿರೋದರಿಂದ ಹೊರಗಿಂದ ನೋಡಿದರೆ ಯಾವುದೋ ಗೋದಾಮು ಅನಿಸುತ್ತೆ. ಒಳಗೆ ಕಾಲಿಟ್ಟು ಎರಡು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಕತ್ತಲೆಗೆ ಹೊಂದಲಿ. ಆಮೇಲೆ ನೇರ ಪಶ್ಚಿಮದ ಗೋಡೆಗೆ ಹೋಗಿ. ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನ ಸೋಲಿಸಿದ 1780ರ ಪೊಲ್ಲಿಲೂರು ಯುದ್ಧ ಅಲ್ಲಿದೆ. ಚಿತ್ರ ದೊಡ್ಡದು, ಸುಮ್ಮನೆ ನೋಡಿದರೆ ಬರೀ ಕುದುರೆ ಮಂದೆ. ನೋಡೋ ಕ್ರಮ ಹೀಗೆ: ಮೊದಲು ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರದಲ್ಲಿ ನಿಂತಿರೋದನ್ನ ಹುಡುಕಿ. ಚೌಕದ ಒಳಗೆ ಒಂದು ಪಲ್ಲಕ್ಕಿ, ಅದರಲ್ಲಿ ಗಾಯಗೊಂಡ ಇಂಗ್ಲಿಷ್ ಪಡೆಯ ಮುಖಂಡ ಕರ್ನಲ್ ಬೈಲಿ. ಹತ್ತಿರದಲ್ಲೇ ಮದ್ದಿನ ಗಾಡಿ ಸಿಡಿದು ಬೆಂಕಿ. ಆ ಸ್ಫೋಟದಿಂದಲೇ ಚೌಕ ಒಡೆದದ್ದು. ಈ ಮೂರು ಸಿಕ್ಕಿದ ಮೇಲೆ ಸುತ್ತಲಿನ ಕುದುರೆಗಳು ಯಾವ ಕಡೆಯಿಂದ ನುಗ್ಗಿವೆ ಅಂತ ತಾನೇ ಬಿಡಿಸಿಕೊಳ್ಳುತ್ತೆ. ಅದೇ ಬೈಲಿ 1782ರಲ್ಲಿ ಇದೇ ಊರಲ್ಲಿ ಸೆರೆಯಲ್ಲೇ ಸತ್ತ. ನದಿ ಕಡೆಯ ಕೋಟೆ ಗೋಡೆಗೆ ಅಂಟಿರೋ ನೆಲಮಾಳಿಗೆಗೆ ಈಗಲೂ ಅವನದೇ ಹೆಸರು.

ಕುಣಿಗಲ್ ಮೇಲೆ ಬರೋರು ಕುದುರೆ ಫಾರಂ ದಾಟಿಯೇ ಬಂದಿರ್ತೀರಿ. ಟಿಪ್ಪು ಕಾಲದಲ್ಲಿ ಸೇನೆಗೆ ಕುದುರೆ ಸಾಕಿದ ಜಾಗ ಅದು. ಬೆಳಗ್ಗೆ ಫಾರಂ, ಮಧ್ಯಾಹ್ನ ಗೋಡೆ ಮೇಲಿನ ಕುದುರೆ.

ಗುಂಬಜ್ ಅಲ್ಲಿಂದ ಹತ್ತಿರ, ಸಂಗಮದ ದಾರಿಯಲ್ಲೇ. ನುಣುಪಾದ ಕಪ್ಪು ಕಲ್ಲಿನ ಕಂಬಗಳ ಸಾಲು, ಒಳಗೋಡೆಗೆ ಹುಲಿಪಟ್ಟೆ ಬಣ್ಣ. ಹೈದರ್, ಅವನ ಹೆಂಡತಿ, ಟಿಪ್ಪು ಮೂವರ ಸಮಾಧಿ. ತಲೆಗೆ ಬಟ್ಟೆ ಇಟ್ಟುಕೊಂಡು ಹೋಗಿ, ಅರ್ಧ ಗಂಟೆ ಸಾಕು.

ಶಿರಾಗೇಟ್
ಕೋಟೆ ಗೋಡೆ ಮೇಲೆ ಓಡಾಡಬಹುದಾ? ಟಿಪ್ಪು ಬಿದ್ದ ಜಾಗ?

ಕೋಟೆಬಾಗಿಲು
ಟಿಪ್ಪು ದೇಹ ಸಿಕ್ಕಿದ ಜಾಗ ಗುಡಿಗೆ ಹತ್ತಿರವೇ. ಸಣ್ಣ ಕಟಾಂಜನ, ಒಂದು ಕಲ್ಲು, ಅಷ್ಟೆ. ಕಾರಿಂದ ಇಳಿದು ಐದು ನಿಮಿಷ. ನನ್ನನ್ನ ಕೇಳಿದರೆ ಅದಕ್ಕಿಂತ ಕೋಟೆಯ ಪಶ್ಚಿಮ ಮೂಲೆಗೆ ಹೋಗಿ, 1799ರಲ್ಲಿ ಇಂಗ್ಲಿಷರು ಗೋಡೆ ಒಡೆದ ಜಾಗ. 1907ರಲ್ಲಿ ನೆಟ್ಟ ಸ್ಮಾರಕ ಸ್ತಂಭ ಅಲ್ಲಿದೆ. ಬಸ್ಸುಗಳು ಅಲ್ಲಿಗೆ ಬರಲ್ಲ. ನಿಂತು ಹೊಳೆ ನೋಡಿದರೆ ಮೇ 4ರಂದು ಮಧ್ಯಾಹ್ನ ಒಂದು ಗಂಟೆಗೆ ಯಾಕೆ ದಾಳಿ ಮಾಡಿದರು ಅಂತ ಗೊತ್ತಾಗುತ್ತೆ: ಬಂಡೆ ಎದ್ದು ಕಾಣೋ ಕಡುಬೇಸಿಗೆ ನೀರು, ಕಾಲ್ನಡಿಗೆಯಲ್ಲೇ ದಾಟಬಹುದು. ಇನ್ನು ಕೆಲವು ವಾರ ಕಳೆದು ಮುಂಗಾರು ಹಿಡಿದಿದ್ದರೆ ಹೊಳೆ ತುಂಬಿ ಮುತ್ತಿಗೆ ಎತ್ತಬೇಕಾಗ್ತಿತ್ತು. ಈ ಕೋಟೆಗೆ ಹೊಳೆಯೇ ಕಂದಕ. ಮೇಲೆ ನೀರಗಂಟಿ ಹೇಳಿದ ಹೊರಹರಿವಿನ ಲೆಕ್ಕ ಆಗಿನವರಿಗೂ ಗೊತ್ತಿತ್ತು.

ಗೋಡೆ ಅಂಚಿಗೆ ಮಗುವಿನ ಕೈ ಬಿಡಬೇಡಿ, ಕಟಕಟೆ ಇಲ್ಲ. ಸಡಿಲ ಕಲ್ಲು ಹುಲ್ಲಲ್ಲಿ ಮುಚ್ಚಿಹೋಗಿರುತ್ತೆ.

ರೈಲು ಹಳಿ ಕೋಟೆಯೊಳಗೇ ಹಾದುಹೋಗುತ್ತೆ. ಜೋಡಿ ಹಳಿ ಹಾಕುವಾಗ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನ 2017ರಲ್ಲಿ ಒಡೆಯದೆ ಇಡಿಯಾಗಿ ಎತ್ತಿ, ಜರುಗಿಸಿ ಪಕ್ಕಕ್ಕೆ ಕೂರಿಸಿದರು. ಸ್ಟೇಷನ್ ಹತ್ತಿರವೇ ಇದೆ, ಗೊತ್ತಿಲ್ಲದೆ ಮುಂದೆ ನಡೆದುಹೋಗ್ತಾರೆ.

ಸೀಬಿ ಸೈಡು
ಊಟ: ಹೊಳೆ ನೋಡ್ಕೊಂಡು ಕೂತು ತಿನ್ನಬೇಕು ಅಂದರೆ ಪ್ರವಾಸೋದ್ಯಮ ನಿಗಮದ ಮಯೂರ ರಿವರ್ ವ್ಯೂ ಇದೆ. ವಾರದ ಕೊನೆಯಲ್ಲಿ ಒಂದು ಗಂಟೆ ದಾಟಿದರೆ ಹೊಳೆ ಕಡೆಯ ಮೇಜು ಸಿಗಲ್ಲ, ಹನ್ನೆರಡೂವರೆಗೇ ಹೋಗಿ. ಮೀನು ತಿನ್ನೋರಿಗೆ ಹೊಳೆ ಪಕ್ಕ ಕಾವಲಿ ಮೇಲೆ ಹುರಿದು ಕೊಡೋ ಅಂಗಡಿ ಸಿಗುತ್ತವೆ. ಹಸಿ ಮೀನು ತೋರಿಸೋಕೆ ಹೇಳಿ. ಕಿವಿರು ಕೆಂಪಗಿದ್ದು ಕಣ್ಣು ಉಬ್ಬಿದ್ದರೆ ಅವತ್ತಿಂದು. ಮಸಾಲೆ ಹಚ್ಚಿ ಇಟ್ಟದ್ದು ಎಂದಿನದೋ ಯಾರಿಗೆ ಗೊತ್ತು.

ಮನೆಯಿಂದ ಬುತ್ತಿ ಕಟ್ಟೋದಾದರೆ ಮೊಸರನ್ನದ ಲೆಕ್ಕ ಇದು, ಐದು ಜನಕ್ಕೆ, ಜೊತೆಗೆ ಚಿತ್ರಾನ್ನವೂ ಇದ್ದರೆ. ಅಕ್ಕಿ 300 ಗ್ರಾಂ, ನಾಲ್ಕರಷ್ಟು ನೀರಿಟ್ಟು ಮೆತ್ತಗೆ ಮಾಡಿ. ಬಿಸಿ ಇರುವಾಗಲೇ ಸೌಟಲ್ಲಿ ಮಸೆದು ಕಾಯಿಸಿದ ಹಾಲು ಅರ್ಧ ಲೀಟರ್ ಸೇರಿಸಿ. ಬೆರಳು ಇಟ್ಟರೆ ಉಗುರು ಬೆಚ್ಚಗೆ ಅನಿಸಿದಾಗ ಮೂರು ಚಮಚ ಮೊಸರು ಹೆಪ್ಪು. ಬೆಳಗ್ಗೆ ಐದಕ್ಕೆ ಹೀಗೆ ಕಲಸಿದರೆ ಮಧ್ಯಾಹ್ನ ಒಂದಕ್ಕೆ ಹದವಾಗಿ ಹುಳಿಯಾಗಿರುತ್ತೆ. ಬೆಳಗ್ಗೆಯೇ ಪೂರ್ತಿ ಮೊಸರು ಹಾಕಿ ಡಬ್ಬಿ ಮುಚ್ಚಿ ಡಿಕ್ಕಿಗೆ ಹಾಕೋದೇ ತಪ್ಪು. ಸೌತೆಕಾಯಿ, ಈರುಳ್ಳಿ ಬೇರೆ ಡಬ್ಬಿಯಲ್ಲಿರಲಿ. ಮೊದಲೇ ಹಾಕಿದರೆ ನೀರು ಬಿಟ್ಟು ಸಾರಾಗುತ್ತೆ. ಉಪ್ಪೂ ತಿನ್ನೋವಾಗ ಹಾಕಿ.

ಡಬ್ಬಿಯನ್ನ ಗುಡಿ ಸುತ್ತ, ಕರಿಘಟ್ಟದಲ್ಲಿ ಬಿಚ್ಚಬೇಡಿ, ಕೋತಿ ಬರುತ್ತವೆ. ಪ್ಲಾಸ್ಟಿಕ್ ಕವರಿನ ಸದ್ದು ಸಾಕು ಅವಕ್ಕೆ. ಬಟ್ಟೆ ಚೀಲದಲ್ಲಿ ಇಡಿ.

ತಿಪಟೂರು ಕೊಬ್ಬರಿ
ಬೆಳಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸ್ಕೊಂಡು ಹೋದರೆ?

ಕುಣಿಗಲ್ ರಸ್ತೆ
ಕ್ಯಾತ್ಸಂದ್ರ ಬೆಂಗಳೂರು ಕಡೆ, ಕುಣಿಗಲ್ ರಸ್ತೆ ಬೇರೆ ಕಡೆ. ಇಡ್ಲಿಗೋಸ್ಕರ ಮುಕ್ಕಾಲು ಗಂಟೆ ಕಳೆದುಕೊಂಡರೆ ರಂಗನತಿಟ್ಟಲ್ಲಿ ಸಾಲು. ಆಮೇಲೆ ಇಡೀ ದಿನ ಆ ಮುಕ್ಕಾಲು ಗಂಟೆಯ ಹಿಂದೆ ಓಡಬೇಕು. ಇನ್ನೊಂದು ಆಸೆಯೂ ಬೇಡ: ಜಕ್ಕನಹಳ್ಳಿ ಹತ್ತಿರ ಮೇಲುಕೋಟೆ ಬೋರ್ಡ್ ಕಾಣುತ್ತೆ, 'ಇಲ್ಲೇ ಅಲ್ವಾ' ಅಂತ ಯಾರಾದರೂ ಒಬ್ಬರು ಶುರು ಮಾಡ್ತಾರೆ. ಮೇಲುಕೋಟೆಗೆ ಅದರದೇ ಒಂದು ದಿನ ಬೇಕು.

ನೀರಗಂಟಿ
ನಾಲ್ಕೂವರೆಗೆ ಸಂಗಮಕ್ಕೆ ಬನ್ನಿ. ಊರನ್ನ ಬಳಸಿ ಎರಡು ಕವಲಾದ ಕಾವೇರಿ ಇಲ್ಲಿ ಮತ್ತೆ ಕೂಡುತ್ತಾಳೆ. ದ್ವೀಪದ ಉದ್ದ ಸುಮಾರು 5 ಕಿ.ಮೀ., ಸಂಗಮ ಅದರ ಪೂರ್ವದ ತುದಿ. ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಡೋಕೆ ಒಳ್ಳೇ ಜಾಗ. ಅಲ್ಲಿಗೇ ನಿಲ್ಲಿಸಿ, ಈಜೋಕೆ ಇಳಿಯಬೇಡಿ. ಎರಡು ಸೆಳೆತ ಸೇರೋ ಕಡೆ ಮೇಲೆ ನೀರು ನಿಂತ ಹಾಗೆ ಕಂಡರೂ ಅಡಿಯಲ್ಲಿ ಎಳೆತ ಇರುತ್ತೆ. ಮರಳು ಕೊಚ್ಚಿಹೋಗಿ ಗುಂಡಿ ಬಿದ್ದಿರುತ್ತೆ. ಮೊಣಕಾಲುದ್ದದ ನೀರಿಂದ ಮುಂದಿನ ಹೆಜ್ಜೆಗೆ ತಲೆ ಮುಳುಗುತ್ತೆ. ನೀರಿನ ಮಟ್ಟದ ಮೆಟ್ಟಿಲಿಗೆ ಪಾಚಿ ಇರುತ್ತೆ, ಒದ್ದೆ ಮತ್ತು ಹಸಿರು ಕಂಡ ಮೆಟ್ಟಿಲಿಗಿಂತ ಒಂದು ಮೇಲೆ ಕೂರಿ. ಬಲಮುರಿ, ಎಡಮುರಿ ಕಡೆಯೂ ಇದೇ ಕತೆ. ನೋಡೋಕೆ ತೆಳ್ಳಗೆ ಹರಿಯುತ್ತೆ, ಪ್ರತಿ ವರ್ಷ ಜನ ಹೋಗ್ತಾನೇ ಇದ್ದಾರೆ.

ತೆಪ್ಪದ ಬಗ್ಗೆ. ಪುಸ್ತಕದಲ್ಲಿ ಹರಿಗೋಲು ಅಂತ ಬರೀತಾರೆ, ದಡದಲ್ಲಿ ತೆಪ್ಪ ಅಂದರೇ ಅರ್ಥ ಆಗೋದು. ಬಿದಿರ ಸೀಳು ಹೆಣೆದ ಬುಟ್ಟಿ. ಹಿಂದೆ ಹೊರಗೆ ಚರ್ಮ ಹೊದಿಸ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿದಿರ್ತಾರೆ. ಹತ್ತೋ ಮುಂಚೆ ಒಳಗೆ ಬಗ್ಗಿ ನೋಡಿ. ತಳದಲ್ಲಿ ಎರಡು ಬೆರಳಷ್ಟು ನೀರು ನಿಂತಿದ್ದು, ಹೆಣಿಗೆಯ ಸಂದಿಯಲ್ಲಿ ಗುಳ್ಳೆ ಏಳ್ತಿದ್ದರೆ ಡಾಂಬರು ಬಿಟ್ಟಿದೆ ಅಂತ, ಬೇರೆ ತೆಪ್ಪ ಕೇಳಿ. ಬರೀ ಒದ್ದೆ ಇದ್ದರೆ ಪರವಾಗಿಲ್ಲ, ಹಿಂದಿನವರ ಕಾಲಿನ ನೀರು. ಕಾಲು ಇಡೋದು ಅಂಚಿಗಲ್ಲ, ನಟ್ಟನಡುವೆ. ಅಂಚಿಗಿಟ್ಟರೆ ಆ ಕಡೆ ಬಗ್ಗಿ ಎದುರು ಕಡೆ ಎದ್ದುಬಿಡುತ್ತೆ. ಒಬ್ಬರು ಕೂತ ಮೇಲೆ ಇನ್ನೊಬ್ಬರು ಅವರ ಎದುರು ಮಗ್ಗುಲಿಗೆ ಕೂರಬೇಕು, ಭಾರ ಸಮ ಇರಲಿ. ನಾಲ್ಕು ಜನ ಸಾಕು. ನಡು ನೀರಲ್ಲಿ ಗಿರಗಿರ ತಿರುಗಿಸಿ ತೋರಿಸ್ತೀನಿ ಅಂತಾರೆ, ಹಿರಿಯರಿದ್ದರೆ ಮೊದಲೇ ಬೇಡ ಅಂದುಬಿಡಿ. ಲೈಫ್ ಜಾಕೆಟ್ ಇಲ್ಲದೆ ಮಗುವನ್ನ ಹತ್ತಿಸಬೇಡಿ. ದೊಡ್ಡವರ ಅಳತೆಯ ಜಾಕೆಟ್ ಮಗುವಿಗೆ ಹಾಕಿದರೆ ನೀರಲ್ಲಿ ಅದು ಮೇಲೆ ಜಾರಿ ಮುಖ ಮುಚ್ಚುತ್ತೆ, ಸಣ್ಣದು ಇಲ್ಲ ಅಂದರೆ ಆ ಸವಾರಿ ಬಿಡೋದು. ದರ ಮತ್ತೆ ಎಷ್ಟು ಹೊತ್ತು ಅನ್ನೋದು ಹತ್ತೋಕೆ ಮುಂಚೆ ಮಾತಾಡಿ.

ಪೂಜೆ ಮಾಡಿಸ್ತೀವಿ ಬನ್ನಿ ಅಂತ ಕರೆಯೋರೂ ಇರ್ತಾರೆ. ಬೇಕಿದ್ದರೆ ದಕ್ಷಿಣೆ ಎಷ್ಟು ಅಂತ ಕೇಳಿಯೇ ಕೂರಿ. ಪಶ್ಚಿಮವಾಹಿನಿಯಲ್ಲಿ ಮಾತ್ರ ಚಾಪೆ ಹಾಸಿ ತಿಂಡಿ ತಿನ್ನೋಕೆ ಹೋಗಬೇಡಿ. ಅದು ಅಸ್ಥಿ ಬಿಡೋ ಜಾಗ, 1948ರಲ್ಲಿ ಗಾಂಧೀಜಿಯ ಚಿತಾಭಸ್ಮ ಬಿಟ್ಟದ್ದೂ ಅಲ್ಲೇ. ಪಕ್ಕದವರು ದುಃಖದಲ್ಲಿರ್ತಾರೆ.

ಅಮಾನಿಕೆರೆ
ಸಂಗಮದಲ್ಲಿ ಜನ ಜಾಸ್ತಿ ಅನಿಸಿದರೆ ಸ್ನಾನಘಟ್ಟ, ವೆಲ್ಲೆಸ್ಲಿ ಸೇತುವೆ ಪಕ್ಕ. ಸೇತುವೆ 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ್ದು, ಕಮಾನಿಲ್ಲ, ಕಲ್ಲಿನ ಕಂಬದ ಮೇಲೆ ಕಲ್ಲಿನ ತೊಲೆ. ಸಂಜೆ ಬಿಸಿಲಲ್ಲಿ ಕಂಬಗಳ ನೆರಳು ನೀರಿಗೆ ಬಿದ್ದಾಗ ಚೆನ್ನಾಗಿರುತ್ತೆ. ಕೂತು ನೋಡೋಕೆ ನನಗೆ ಇದೇ ಇಷ್ಟ.

ಬಸ್ಸು ಬಂತು
ಕಾರಿಲ್ಲದವರಿಗೆ: ಕುಣಿಗಲ್, ನಾಗಮಂಗಲ ಮೇಲೆ ಮೈಸೂರಿಗೆ ಹೋಗೋ ಬಸ್ಸು ಹಿಡಿಯಿರಿ. ನೇರ ಸಿಗದಿದ್ದರೆ ತುಮಕೂರು–ಕುಣಿಗಲ್, ಕುಣಿಗಲ್–ನಾಗಮಂಗಲ, ನಾಗಮಂಗಲ–ಮೈಸೂರು ಅಂತ ಮೂರು ತುಂಡು. ಶಕ್ತಿ ಯೋಜನೆ ಟಿಕೆಟ್ ಮಾಮೂಲಿ ಬಸ್ಸಿಗೆ ಮಾತ್ರ, ರಾಜಹಂಸಕ್ಕೆ ಇಲ್ಲ. ಗುರುತಿನ ಚೀಟಿ ಕೈಲಿರಲಿ. ರೈಲು ಬೇಡ: ಬೆಂಗಳೂರು ಸುತ್ತಿಕೊಂಡು ಹೋಗಬೇಕು, ಹೊತ್ತು ಜಾಸ್ತಿ ಹಿಡಿಯುತ್ತೆ. ಊರೊಳಗೆ ಆಟೋ, ಕುದುರೆ ಗಾಡಿ ಇವೆ. ರಂಗನತಿಟ್ಟಿಗೆ ಹೋದ ಆಟೋ ಬಿಟ್ಟುಬಿಟ್ಟರೆ ವಾಪಸ್ ಸಿಗೋದು ಕಷ್ಟ, ಕಾಯೋಕೂ ಸೇರಿಸಿಯೇ ಮಾತಾಡಿ. ಬಸ್ಸಿನವರು ರಂಗನತಿಟ್ಟು ಅಥವಾ ದರಿಯಾ ದೌಲತ್, ಒಂದನ್ನ ಬಿಡಬೇಕಾಗುತ್ತೆ.

ಶಿರಾಗೇಟ್
ವಾಪಸ್ ಕತ್ತಲಲ್ಲಿ ನಾಗಮಂಗಲ ರಸ್ತೆ ಪರವಾಗಿಲ್ವಾ? ಪೆಟ್ರೋಲ್ ಎಷ್ಟು ಬೇಕಾಗಬಹುದು? ಬುಧವಾರಕ್ಕೇ ರಜೆ ಕೇಳ್ತೀನಿ.

ಕುಣಿಗಲ್ ರಸ್ತೆ
ಊರೊಳಗಿನ ಓಡಾಟ ಸೇರಿ 290 ಕಿ.ಮೀ. ಇಟ್ಟುಕೊಳ್ಳಿ, ಲೀಟರಿಗೆ 15 ಕೊಡೋ ಕಾರಿಗೆ 20 ಲೀಟರ್. ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತೆ. ಐದೂವರೆಗೆ ಹೊರಟರೆ ಪಾಂಡವಪುರದ ನಾಲೆ ಭಾಗ ಬೆಳಕಲ್ಲೇ ದಾಟುತ್ತೆ, ಅದೇ ಮುಖ್ಯ. ಆಮೇಲಿನ ಭಯ ಕಬ್ಬಿನ ಗಾಡಿ. ಅರೆಯೋ ಕಾಲದಲ್ಲಿ ಟ್ರ್ಯಾಕ್ಟರ್‌ಗೆ ಎರಡೆರಡು ಟ್ರೈಲರ್, ಹಿಂದೆ ದೀಪ ಇಲ್ಲ, ರಿಫ್ಲೆಕ್ಟರನ್ನ ಕಬ್ಬಿನ ಸೋಗೆ ಮುಚ್ಚಿರುತ್ತೆ. ಎದುರು ಗಾಡಿಯ ಬೆಳಕು ಕಣ್ಣಿಗೆ ಹೊಡೆದ ಆ ಎರಡು ಸೆಕೆಂಡಲ್ಲೇ ಮುಂದೆ ಟ್ರೈಲರ್ ಇರೋದು ಕಾಣಲ್ಲ. ಎದುರಿಂದ ಬೆಳಕು ಬಂದಾಗಲೆಲ್ಲ ವೇಗ ಇಳಿಸಿ, 60 ದಾಟಬೇಡಿ. ಬೆಳ್ಳೂರು ಕ್ರಾಸ್‌ಗೆ ಬಂದರೆ ಮತ್ತೆ ಅಗಲ ರಸ್ತೆ.

ಶಿರಾಗೇಟ್
ಸರಿ. ಬರುವಾಗ ಬೆಲ್ಲ ತರಬೇಕಂತೆ, ಮನೆಯಿಂದ ಆದೇಶ.

ಸೀಬಿ ಸೈಡು
ರಸ್ತೆ ಪಕ್ಕದ ಆಲೆಮನೆಯಲ್ಲಿ ಹೊಗೆ ಕಂಡರೆ ನಿಲ್ಲಿಸಿ ಕೇಳಿ, ಕೊಡ್ತಾರೆ. ತೆಳು ಹಳದಿಗೆ ಹೊಳೆಯೋ ಅಚ್ಚು ಬೇಡ, ಬಣ್ಣ ತಿಳಿ ಆಗಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿರೋ ಸಾಧ್ಯತೆ ಜಾಸ್ತಿ. ಕಂದು ಬಣ್ಣದ್ದು ತಗೊಳ್ಳಿ. ಒಂದು ಚೂರು ನಾಲಿಗೆ ಮೇಲಿಡಿ, ಉಪ್ಪುಪ್ಪು ಅನಿಸಿದರೆ ಬಿಡಿ. ಬಿಸಿ ಆರದ ಅಚ್ಚನ್ನ ಪ್ಲಾಸ್ಟಿಕ್‌ನಲ್ಲಿ ಕಟ್ಟಿಸಬೇಡಿ, ಬೆವರಿ ಅಂಟಾಗುತ್ತೆ, ವಾರದಲ್ಲಿ ಬೂಸ್ಟು. ಪೇಪರ್ ಸುತ್ತಿ ಬಟ್ಟೆ ಚೀಲಕ್ಕೆ ಹಾಕಿ. ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಬೇಡ, ರಬ್ಬರ್ ವಾಸನೆ ಹಿಡಿಯುತ್ತೆ.

ತಿಪಟೂರು ಕೊಬ್ಬರಿ
ಬೆಲ್ಲ ಅಲ್ಲಿಂದ ತನ್ನಿ, ಜೊತೆಗೆ ಕೊಬ್ಬರಿ ಬೇಕಾದರೆ ಇಲ್ಲಿಗೇ ಬರಬೇಕು.